ವೇಗಪರೀಕ್ಷೆಗೊಂದು ಪಾಟೀಸವಾಲು

ಕಳೆದ ಹಿಂಗಾರಿನ ದಿನಗಳಲ್ಲಿ ಒಂದು ಬೆಳಿಗ್ಗೆ, ಅರವಂಕಾಡಿನ ನನ್ನ ಮನೆಯ ಮುಂಗೋಣೆಯಲ್ಲಿ ಕುಳಿತು, ಚೆನ್ನೈನ ನ್ಯಾಯಮಂಡಳಿಯೊಂದರ ಮುಂದೆ ವಾದ ಮಂಡಿಸುತ್ತಿದ್ದೆ. ಕಕ್ಷಿದಾರರು ಜಗತಳ ಕಡೆಯ ಹಿರಿಯ ಹೆಣ್ಣುಮಗಳು. ಸರ್ಕಾರಿ ನೌಕರಿಯಲ್ಲಿದ್ದ ಪತಿ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಯ ಲೆಕ್ಕದಲ್ಲಿ ಬಿದ್ದ ಗಂಟೊಂದನ್ನು ಬಿಡಿಸಿಕೊಳ್ಳಲು ಬಂದವರು. ಪರದೆಯ ಮೇಲೆ ಪೀಠದಲ್ಲಿದ್ದವರ ಮುಖ ಸ್ಪಷ್ಟವಾಗಿತ್ತು, ಅವರ ದನಿಯೂ ಸ್ಪಷ್ಟವಾಗಿತ್ತು. ನನ್ನ ಮಾತು ಮಾತ್ರ ಅವರಿಗೆ ತುಂಡುತುಂಡಾಗಿ ತಲುಪುತ್ತಿತ್ತಂತೆ. ಎರಡು ಬಾರಿ ಎಚ್ಚರಿಸಿದರು. ಮೂರನೆಯ ಬಾರಿ ಸೌಜನ್ಯದಿಂದಲೇ ಆರು ವಾರಗಳ ವಾಯಿದೆ ನೀಡಿ ಮುಂದಿನ ಪ್ರಕರಣವನ್ನು ಕರೆದರು.

ಪಕ್ಕದ ಕುರ್ಚಿಯಲ್ಲಿದ್ದ ಆ ತಾಯಿ ನನ್ನನ್ನು ಕೇಳಿದರು: "ನೀನು ಹೇಳಿದ್ದು ಅವರಿಗೆ ಕೇಳಿಸಲಿಲ್ಲವೇ ತಮ್ಮಾ? ನನಗೆ ಇಲ್ಲಿ ಚೆನ್ನಾಗಿ ಕೇಳಿಸಿತಲ್ಲ!"

ಆರು ವಾರವೆಂದರೆ ನನಗೆ ದಿನಚರಿಯಲ್ಲಿ ಬರೆದುಕೊಳ್ಳುವ ಇನ್ನೊಂದು ತಾರೀಖು. ಅವರಿಗೆ ಅದು ಒಂದೂವರೆ ತಿಂಗಳ ಅನ್ನ.

ಆ ಮಧ್ಯಾಹ್ನ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೊಬೈಲಿನಲ್ಲಿ ವೇಗಪರೀಕ್ಷೆಯ ಗುಂಡಿ ಒತ್ತಿದೆ. ಮುಳ್ಳು ಓಡಿ 93ರ ಆಸುಪಾಸಿನಲ್ಲಿ ನಿಂತಿತು. ನಾನು ಹಣ ತೆರುತ್ತಿರುವುದು 100 ಎಂಬಿಪಿಎಸ್ ಯೋಜನೆಗೆ. ಮರುದಿನ ಕಂಪನಿಯ ತಂತ್ರಜ್ಞ ಮಳೆಯಲ್ಲಿ ನೆನೆದು ಬಂದ. ತನ್ನ ಮೊಬೈಲಿನಲ್ಲಿ ಅದೇ ಗುಂಡಿ ಒತ್ತಿ, ಅದೇ ಅಂಕಿಯನ್ನು ನನ್ನ ಮುಂದೆ ಹಿಡಿದು, "ಸಾರ್, ಸ್ಪೀಡು ಕರೆಕ್ಟಾ ವರುದು" ಎಂದ. ಅವನ ದಾಖಲೆಯಲ್ಲಿ ದೂರು ಅಲ್ಲಿಗೆ ಮುಗಿಯಿತು. ನನ್ನ ದಾಖಲೆಯಲ್ಲಿ ಅದು ಅಲ್ಲಿಂದ ಆರಂಭವಾಯಿತು.

ಅವನು ತೋರಿಸಿದ ಅಂಕಿ ಸುಳ್ಳಾಗಿರಲಿಲ್ಲ, ನನ್ನ ಅನುಭವವೂ ಸುಳ್ಳಾಗಿರಲಿಲ್ಲ. ಇಬ್ಬರು ಪ್ರಾಮಾಣಿಕ ಸಾಕ್ಷಿಗಳು ಒಂದಕ್ಕೊಂದು ಕೂಡದ ಮಾತನ್ನಾಡಿದಾಗ, ಅವರಿಬ್ಬರೂ ಯಾವ ಯಾವ ಪ್ರಶ್ನೆಗೆ ಉತ್ತರಿಸಿದರು ಎಂದು ಹಿಂತಿರುಗಿ ನೋಡುವುದು ನಮ್ಮ ವೃತ್ತಿಯ ವಾಡಿಕೆ. ನಾನು ಕಾನೂನು ಓದಿದವನು, ಎಂಜಿನಿಯರನಲ್ಲ. ಆದರೂ ವೇಗಪರೀಕ್ಷೆಯೆಂಬ ಈ ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿ ವಿಚಾರಿಸಲು ಎರಡು ವಾರಗಳನ್ನು ವ್ಯಯಿಸಿದೆ. ಗುಡ್ಡದ ಮನೆಗಳಲ್ಲಿ ಕುಳಿತು ಪರೀಕ್ಷೆ ಬರೆಯುವ ಮಕ್ಕಳೂ, ದೂರದ ಕಂಪನಿಗೆ ದುಡಿಯುವ ಯುವಕರೂ, ಕೊಯಮತ್ತೂರಿನ ವೈದ್ಯರೊಡನೆ ಪರದೆಯಲ್ಲಿ ಮಾತನಾಡುವ ಹಿರಿಯರೂ ಈ ಪತ್ರಿಕೆಯ ಓದುಗರಲ್ಲಿ ಇದ್ದಾರೆಂಬ ಕಾರಣಕ್ಕೆ ಆ ವಿಚಾರಣೆಯ ಸಾರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗುಂಡಿ ಒತ್ತಿದಾಗ ನಡೆಯುವುದೇನು? ಆ್ಯಪ್ ಮೊದಲು ಸುತ್ತಲಿನ ಹಲವು ಸರ್ವರ್‌ಗಳಿಗೆ ಒಂದು ಸಣ್ಣ ಕರೆ ಕಳುಹಿಸಿ, ಬೇಗ ಓಗೊಟ್ಟದ್ದನ್ನು ಆರಿಸಿಕೊಳ್ಳುತ್ತದೆ. ಬಳಿಕ ಆ ಸರ್ವರ್‌ನಿಂದ ಹತ್ತು ಹದಿನೈದು ಸೆಕೆಂಡು ಕಾಲ ಅರ್ಥವಿಲ್ಲದ ದತ್ತಾಂಶವನ್ನು ಎಳೆದುಕೊಂಡು, ಎಷ್ಟು ಬಂತೆಂದು ಎಣಿಸುತ್ತದೆ. ಆಮೇಲೆ ಅಷ್ಟೇ ಹೊತ್ತು ಇತ್ತಲಿಂದ ಅತ್ತ ತಳ್ಳಿ ಎಣಿಸುತ್ತದೆ. 2006ರಿಂದ ನಡೆಯುತ್ತಿರುವ, ಬಹುಶಃ ಎಲ್ಲರೂ ಬಲ್ಲ ಊಕ್ಲಾ ಕಂಪನಿಯ ಪರೀಕ್ಷೆ ಏಕಕಾಲಕ್ಕೆ ಹಲವು ಸಂಪರ್ಕಗಳನ್ನು ತೆರೆದು ಎಳೆಯುತ್ತದೆ. ಸಂಪರ್ಕವೊಂದು ವೇಗ ಹಿಡಿಯಲು ತೆಗೆದುಕೊಳ್ಳುವ ಆರಂಭದ ಕ್ಷಣಗಳನ್ನು ಲೆಕ್ಕದಿಂದ ಬಿಡುವ ಪದ್ಧತಿಯೂ ಇದೆ. ಹೀಗಾಗಿ ಅದು ಹೇಳುವುದು ಒಂದು ಗರಿಷ್ಠವನ್ನು: ಆ ಕ್ಷಣದಲ್ಲಿ, ಆ ಹತ್ತಿರದ ಸರ್ವರ್‌ವರೆಗೆ, ಕೊಳವೆಯನ್ನು ಪೂರ್ತಿ ತುಂಬಿಸಿದರೆ ಎಷ್ಟು ಹರಿದೀತು ಎಂಬುದನ್ನು.

ಇಲ್ಲಿ ಎರಡು ಮಾತುಗಳನ್ನು ಅಡಿಗೆರೆ ಎಳೆದು ಓದಬೇಕು. ಒಂದು, 'ಹತ್ತಿರದ ಸರ್ವರ್'. ಆ ಸರ್ವರ್‌ಗಳಲ್ಲಿ ಬಹುಪಾಲನ್ನು ನಡೆಸುವವರು ಅಂತರ್ಜಾಲ ಕಂಪನಿಗಳೇ. ನನ್ನ ಮೊಬೈಲು ಆರಿಸಿಕೊಂಡದ್ದು ಕೊಯಮತ್ತೂರಿನಲ್ಲಿ ನನ್ನ ಕಂಪನಿಯದೇ ಜಾಲದೊಳಗಿರುವ ಸರ್ವರನ್ನು. ಅಂದರೆ ಪರೀಕ್ಷೆಯ ಗಾಡಿ ಅವರ ರಸ್ತೆಯಲ್ಲೇ ಹೊರಟು ಅವರ ರಸ್ತೆಯಲ್ಲೇ ತಂಗಿತು. ಇದರಲ್ಲಿ ಮೋಸವೇನಿಲ್ಲ. ಆದರೆ ನನ್ನ ನ್ಯಾಯಮಂಡಳಿಯ ಕಲಾಪ ಕೊಯಮತ್ತೂರಿನ ಆ ಕೊಠಡಿಯಲ್ಲಿ ನಡೆಯುವುದಿಲ್ಲ. ವಿಡಿಯೊ ಕರೆಯ ಕಂಪನಿಯ ಸರ್ವರ್ ಮುಂಬೈಯಲ್ಲಿರಬಹುದು, ಸಿಂಗಪುರದಲ್ಲಿಯೂ ಇರಬಹುದು. ಅಲ್ಲಿಗೆ ಹೋಗಬೇಕಾದರೆ ನನ್ನ ಕಂಪನಿಯ ಜಾಲವು ಇನ್ನೊಂದು ಜಾಲಕ್ಕೆ ಕೈಕೊಡುವ ಸಂಧಿಯನ್ನು ದಾಟಬೇಕು. ರಾತ್ರಿ ಎಂಟು ಗಂಟೆಗೆ ದಟ್ಟಣೆಯಾಗುವುದು ಸಾಮಾನ್ಯವಾಗಿ ಆ ಸಂಧಿಯಲ್ಲಿ. ಅರವಂಕಾಡಿನಿಂದ ಕುನ್ನೂರಿಗೆ ಬಸ್ಸು ಹೊತ್ತಿಗೆ ಸರಿಯಾಗಿ ತಲುಪಿತೆಂದು ಚೆನ್ನೈ ಪ್ರಯಾಣಕ್ಕೆ ಪ್ರಮಾಣಪತ್ರ ಬರೆದುಕೊಡಲಾಗುವುದಿಲ್ಲ.

ಎರಡನೆಯದು, 'ಹಲವು ಸಂಪರ್ಕಗಳು'. ಒಂದೇ ಸಂಪರ್ಕದಲ್ಲಿ ಎಳೆದಾಗ ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದರೂ ಕಳುಹಿಸುವ ಯಂತ್ರ ಹಿಂಜರಿದು ವೇಗ ತಗ್ಗಿಸುತ್ತದೆ. ಹತ್ತು ಸಂಪರ್ಕಗಳಿದ್ದರೆ ಒಂದು ಹಿಂಜರಿದರೂ ಉಳಿದವು ಓಡುತ್ತಿರುತ್ತವೆ. ದಾರಿಯ ಕೊರತೆ ಮರೆಯಾಗುತ್ತದೆ. ಸಂಶೋಧಕರು 2009ರಲ್ಲಿ ಆರಂಭಿಸಿದ ಎಂ-ಲ್ಯಾಬ್ ಎಂಬ ವ್ಯವಸ್ಥೆಯ ಎನ್‌ಡಿಟಿ ಪರೀಕ್ಷೆಯು ಒಂದೇ ಸಂಪರ್ಕವನ್ನು ಬಳಸುತ್ತದೆ. ಅದರ ಸರ್ವರ್‌ಗಳೂ ಸಾಮಾನ್ಯವಾಗಿ ಮನೆಗೆ ತಂತಿ ಎಳೆದ ಕಂಪನಿಯ ಜಾಲದ ಆಚೆ ಇರುತ್ತವೆ. ಆದ್ದರಿಂದ ಅದೇ ಮನೆಯಲ್ಲಿ, ಅದೇ ನಿಮಿಷದಲ್ಲಿ ಅದು ಕಡಿಮೆ ಅಂಕಿ ತೋರಿಸುವುದುಂಟು. ನೆಟ್‌ಫ್ಲಿಕ್ಸ್ 2016ರಲ್ಲಿ ಹೊರತಂದ ಫಾಸ್ಟ್ ಡಾಟ್ ಕಾಮ್ ತನ್ನ ಚಲನಚಿತ್ರಗಳನ್ನು ಹಂಚುವ ಸರ್ವರ್‌ಗಳಿಂದಲೇ ದತ್ತಾಂಶವನ್ನು ಎಳೆಯುತ್ತದೆ. ಚಿತ್ರ ನೋಡುವವನಿಗೆ ಯಾವ ವೇಗ ಸಿಗುತ್ತಿದೆಯೆಂಬುದನ್ನೇ ಅಳೆಯುವ ಉಪಾಯವಿದು. ಕಂಪನಿಗಳು ವೇಗಪರೀಕ್ಷೆಗಷ್ಟೇ ದಾರಿ ಬಿಟ್ಟುಕೊಟ್ಟು ಉಳಿದುದನ್ನು ಹಿಂದೆ ಹಿಡಿಯುತ್ತವೆಯೆಂಬ ಹಳೆಯ ಅನುಮಾನಕ್ಕೆ ಇದು ಒಂದು ಜಾಣ ಉತ್ತರ. ಮೂರು ಪರೀಕ್ಷೆಗಳು ಮೂರು ಅಂಕಿ ಹೇಳಿದರೆ ಒಂದನ್ನು ನಿಜವೆಂದು ಹಿಡಿದು ಎರಡನ್ನು ಎಸೆಯಬೇಕಾಗಿಲ್ಲ. ಅವು ಮೂರು ಬೇರೆ ದಾರಿಗಳನ್ನು ನಡೆದು ನೋಡಿ ಬಂದಿವೆ.

ಇನ್ನು ಮನೆಯೊಳಗಿನ ಸಂಗತಿ. ಕಂಪನಿಯ ಹೊಣೆ ಗೋಡೆಯ ಮೇಲಿನ ಪೆಟ್ಟಿಗೆಗೆ ಮುಗಿಯುತ್ತದೆ, ಅಲ್ಲಿಂದಾಚೆ ವೈಫೈ. ನಮ್ಮ ಕಡೆಯ ಹಳೆಯ ಮನೆಗಳ ಗೋಡೆಗಳು ಚಳಿಯನ್ನು ತಡೆಯುವಷ್ಟೇ ಚೆನ್ನಾಗಿ ವೈಫೈಯನ್ನೂ ತಡೆಯುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು ಮೂರೇ, 1, 6 ಮತ್ತು 11; ಒತ್ತೊತ್ತಾಗಿ ಕಟ್ಟಿದ ವಸತಿಸಾಲಿನಲ್ಲಿ ಹತ್ತು ಮನೆಗಳ ರೂಟರ್‌ಗಳು ಆ ಮೂರಕ್ಕೇ ಮುಗಿಬೀಳುತ್ತವೆ. ಒಳಕೋಣೆಯಲ್ಲಿ ಮಲಗಿ ಮೊಬೈಲಿನಲ್ಲಿ ಪರೀಕ್ಷೆ ಮಾಡಿ 22 ಬಂದಿತೆಂದು ಕಂಪನಿಯ ಮೇಲೆ ದಾವೆ ಹೂಡಲು ಬಂದ ಮಿತ್ರರೊಬ್ಬರನ್ನು ನಾನು ಹಿಂದಕ್ಕೆ ಕಳುಹಿಸಬೇಕಾಯಿತು. ರೂಟರ್‌ಗೆ ತಂತಿ ಚುಚ್ಚಿ ಅಳೆದಾಗ ಅವರಿಗೆ ಸಲ್ಲಬೇಕಾದುದೆಲ್ಲ ಸಲ್ಲುತ್ತಿತ್ತು.

ತಂತಿ ಚುಚ್ಚಿದರೂ 100 ಎಂದೂ 100 ಆಗದಿರುವುದಕ್ಕೆ ಒಂದು ಕಾರಣವಿದೆ. ಅಗ್ಗದ ರೂಟರ್‌ಗಳ ತಂತಿದ್ವಾರದ ಸಾಮರ್ಥ್ಯ 100 ಎಂಬಿಪಿಎಸ್. ಪ್ರತಿಯೊಂದು ಪ್ಯಾಕೆಟ್ಟಿನ ಮೇಲೆ ವಿಳಾಸ, ಮುದ್ರೆ, ನಡುವಣ ಬಿಡುವು ಇತ್ಯಾದಿಗಳು ನೂರಕ್ಕೆ ಐದರಷ್ಟನ್ನು ನುಂಗುತ್ತವೆ. ಉಳಿಯುವುದು ಸುಮಾರು 94ರಿಂದ 95. ನನ್ನ 93ರ ರಹಸ್ಯವೂ ಬಹುಮಟ್ಟಿಗೆ ಇದೇ. ಹಾಗೆಯೇ, 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್ ಎಂಬುದನ್ನು ಮರೆತು ಜಗಳವಾಡುವವರಿದ್ದಾರೆ. ಒಂದು ಬೈಟಿಗೆ ಎಂಟು ಬಿಟ್. ಒಂದು ಗಿಗಾಬೈಟ್ ಚಲನಚಿತ್ರ ಇಳಿಯಲು 10 ಸೆಕೆಂಡಲ್ಲ, 80 ಸೆಕೆಂಡು ಬೇಕು.

ಆದರೆ ನನ್ನ ಪ್ರಕರಣಕ್ಕೆ ಈ ಯಾವುದೂ ಉತ್ತರವಾಗಿರಲಿಲ್ಲ. ಮಾತಿನ ದನಿಯನ್ನು ಸಾಗಿಸಲು 100 ಕಿಲೋಬಿಟ್ ಸಾಕು, ಎಂದರೆ ನನ್ನ ಯೋಜನೆಯ ಸಾವಿರದಲ್ಲೊಂದು ಪಾಲು. ಅಷ್ಟೂ ಇಲ್ಲದೆ ಹೋದದ್ದು ಹೇಗೆ?

ಇದಕ್ಕೆ ಉತ್ತರ ದೊರೆತದ್ದು ಹತ್ತನೆಯ ದಿನ. ಅದನ್ನು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ. ವಿಚಾರಣೆಯ ಹಿಂದಿನ ಸಂಜೆ ಉದಕಮಂಡಲದಲ್ಲಿ ನಂಟರ ಮನೆಯ ಮದುವೆಯಿತ್ತು. ಆರತಕ್ಷತೆಯ ವಿಡಿಯೊಗಳನ್ನೆಲ್ಲ ನಾನೇ ಉತ್ಸಾಹದಿಂದ ತೆಗೆದಿದ್ದೆ. ಸುಮಾರು ಮೂರು ಗಿಗಾಬೈಟಿನಷ್ಟು. ಮರುದಿನ ಬೆಳಿಗ್ಗೆ ವಾದಕ್ಕೆ ಕುಳಿತುಕೊಳ್ಳುವ ಮುನ್ನ ಮೊಬೈಲನ್ನು ಚಾರ್ಜಿಗೆ ಹಾಕಿದೆ. ಚಾರ್ಜೂ ವೈಫೈಯೂ ಸಿಕ್ಕ ಕೂಡಲೇ ಅದು ಸದ್ದಿಲ್ಲದೆ ಆ ವಿಡಿಯೊಗಳನ್ನು ದೂರದ ಭಂಡಾರಕ್ಕೆ ಏರಿಸತೊಡಗಿತು. ನನ್ನ ಕರಾರುಪತ್ರದ ಕೊನೆಯ ಪುಟದಲ್ಲಿ, ನಾನು ವಕೀಲನಾಗಿಯೂ ಓದದೇ ಬಿಟ್ಟ ಸಾಲಿನಲ್ಲಿ, ಅಪ್‌ಲೋಡ್ ವೇಗ 10 ಎಂಬಿಪಿಎಸ್ ಎಂದಿತ್ತು. ಮೂರು ಗಿಗಾಬೈಟ್ ಆ ಕಿಂಡಿಯಲ್ಲಿ ದಾಟಲು ಸುಮಾರು 40 ನಿಮಿಷ ಬೇಕು. ನನ್ನ ವಾದ ನಡೆದದ್ದು ಆ 40 ನಿಮಿಷಗಳ ನಟ್ಟನಡುವೆ.

ಆಗ ರೂಟರಿನೊಳಗೆ ಆಗುವುದನ್ನು ಬೇಸಿಗೆಯ ಕುನ್ನೂರು ಘಾಟಿಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಹೇರ್‌ಪಿನ್ ತಿರುವಿನಲ್ಲಿ ಲಾರಿಗಳ ಸಾಲು ನಿಂತಿದೆ. ಗಂಟೆಗೆ ದಾಟುವ ವಾಹನಗಳ ಸಂಖ್ಯೆ ಕಡಿಮೆಯಾಗಿಲ್ಲ. ಆದರೆ ಸಾಲಿನ ಕೊನೆಗೆ ಬಂದು ನಿಂತ ಆಂಬುಲೆನ್ಸು ತನ್ನ ಸರದಿಗೆ ಕಾಯಬೇಕು. ರೂಟರ್‌ಗಳು ಪ್ಯಾಕೆಟ್‌ಗಳನ್ನು ಕಳೆಯಬಾರದೆಂಬ ಒಳ್ಳೆಯ ಉದ್ದೇಶದಿಂದ ಉದ್ದನೆಯ ಸಾಲುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಎಂಜಿನಿಯರರು ಈ ದೋಷಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟು ವರ್ಷಗಳೇ ಕಳೆದಿವೆ. ಮದುವೆಯ ವಿಡಿಯೊದ ಹಿಂದೆ ನಿಂತ ನನ್ನ ಮಾತಿನ ತುಣುಕುಗಳು ತಡವಾಗಿ ಹೊರಟವು. ಬಹಳ ತಡವಾಗಿ ಬಂದ ತುಣುಕನ್ನು ವಿಡಿಯೊ ಕರೆ ಎಸೆದುಬಿಡುತ್ತದೆ. ನ್ಯಾಯಾಧೀಶರ ದನಿ ಇಳಿಯುವ ದಾರಿಯಲ್ಲಿ ಬರುತ್ತಿದ್ದುದರಿಂದ ಅದಕ್ಕೆ ಅಡ್ಡಿಯಾಗಲಿಲ್ಲ. ಬಳಿಕ ಬೇಕೆಂದೇ ಒಂದು ದೊಡ್ಡ ವಿಡಿಯೊವನ್ನು ಏರಿಸುತ್ತ ಅಳೆದು ನೋಡಿದೆ. ಖಾಲಿಯಿದ್ದಾಗ 18 ಮಿಲಿಸೆಕೆಂಡಿನಲ್ಲಿ ಹಿಂತಿರುಗುತ್ತಿದ್ದ ಕರೆಗೆ ಈಗ 600 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಿತು.

ತಂತ್ರಜ್ಞ ಬಂದಾಗ ಏರಿಕೆ ಮುಗಿದು ಒಂದು ದಿನವಾಗಿತ್ತು. ಅವನು ಅಳೆದದ್ದು ನಿರ್ಜನ ರಸ್ತೆಯನ್ನು. ಇತ್ತೀಚಿನ ಕೆಲವು ಪರೀಕ್ಷೆಗಳು ಹೊರೆಯಿರುವಾಗಿನ ವಿಳಂಬವನ್ನೂ ಪ್ರತ್ಯೇಕವಾಗಿ ತೋರಿಸುತ್ತವೆ; ದೊಡ್ಡ ಅಂಕಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿ. ಮಾತನಾಡಬೇಕಾದವರು ಮೊದಲು ನೋಡಬೇಕಾದ ಅಂಕಿ ಅದೇ.

ಇಷ್ಟಕ್ಕೇ ನಿಂತಿದ್ದರೆ ಕಂಪನಿಗೆ ಕ್ಷಮಾಪಣೆಯ ಪತ್ರ ಬರೆದು ಸುಮ್ಮನಾಗುತ್ತಿದ್ದೆ. ಆದರೆ ಆ ಹತ್ತು ದಿನಗಳ ಅಳತೆಯಲ್ಲಿ ಬೇರೊಂದು ಸಂಗತಿಯೂ ಹೊರಬಿತ್ತು. ಮೊಬೈಲುಗಳನ್ನೆಲ್ಲ ಆರಿಸಿ, ತಂತಿ ಚುಚ್ಚಿದ ಕಂಪ್ಯೂಟರಿನಿಂದ ಅಳೆದಾಗ, ಕೊಯಮತ್ತೂರಿನ ಸರ್ವರ್ ಹಗಲೂ ರಾತ್ರಿಯೂ 90ಕ್ಕಿಂತ ಕೆಳಗೆ ಇಳಿಯಲಿಲ್ಲ. ಮುಂಬೈಯ, ಬೇರೊಂದು ಜಾಲದ ಸರ್ವರನ್ನು ಆರಿಸಿದರೆ ಬೆಳಿಗ್ಗೆ ಆರಕ್ಕೆ 85ರ ಮೇಲೆ. ರಾತ್ರಿ ಎಂಟರಿಂದ ಹತ್ತರ ನಡುವೆ 30ರಿಂದ 45. ಒಂದು ರಾತ್ರಿಯಲ್ಲ, ಅಳೆದ ಎಲ್ಲ ರಾತ್ರಿಗಳೂ. ನನ್ನ ಮಗಳು ಆನ್‌ಲೈನ್ ತರಗತಿಯಲ್ಲಿ ಕುಳಿತುಕೊಳ್ಳುವ ಹೊತ್ತು ಅದು. ಬೀದಿಯ ಅರ್ಧ ಮನೆಗಳಲ್ಲಿ ಅದೇ ಹೊತ್ತಿಗೆ ಅದೇ ಗೊಣಗಾಟ.

ಈಗ ಕಾನೂನಿನ ಮಾತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2006ರಲ್ಲಿ ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟದ ವಿನಿಯಮಗಳನ್ನು ಹೊರಡಿಸಿತು. ಚಂದಾದಾರನಿಗೆ ಒಪ್ಪಿದ ವೇಗದ ಶೇ. 80ಕ್ಕಿಂತ ಹೆಚ್ಚು ದೊರೆಯಬೇಕೆಂದು ಅದರಲ್ಲಿ ಹೇಳಿತ್ತು. ಎಷ್ಟು ನೇರವಾದ ಮಾತು! ಆದರೆ ಆ ವೇಗವನ್ನು ಅಳೆಯಬೇಕಾದದ್ದು ಎಲ್ಲಿಂದ ಎಲ್ಲಿಗೆ? ಕಂಪನಿಯ ಜಾಲಕೇಂದ್ರದಿಂದ ಬಳಕೆದಾರನವರೆಗೆ. ಅದರಾಚೆಯ ದಾರಿ ಆ ಶೇ. 80ರ ಲೆಕ್ಕಕ್ಕೆ ಬರಲೇ ಇಲ್ಲ. ಕೊಯಮತ್ತೂರಿನ ಸರ್ವರ್ ತೋರಿಸುವ 93, ವಿನಿಯಮ ಕೇಳಿದ ಪ್ರಶ್ನೆಗೆ ಅಚ್ಚುಕಟ್ಟಾದ ಉತ್ತರ. ಮನೆಯವರು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ತಂತ್ರಜ್ಞನೂ ನಾನೂ ಒಂದೇ ಅಂಕಿಯನ್ನು ನೋಡಿ ಎರಡು ತೀರ್ಮಾನಕ್ಕೆ ಬಂದುದರ ಮೂಲ ಇಲ್ಲಿದೆ. 2006ರ ಆ ವಿನಿಯಮಗಳ ಸ್ಥಾನದಲ್ಲಿ 2024ರ ಅಕ್ಟೋಬರ್ 1ರಿಂದ ಹೊಸ ವಿನಿಯಮಗಳು ಜಾರಿಗೆ ಬಂದಿವೆ. ಹೀಗಿದ್ದರೂ ಕಂಪನಿಗಳ ದೂರು ಕೇಂದ್ರಗಳಲ್ಲಿ ಹತ್ತಿರದ ಸರ್ವರಿನ ಒಂದು ಅಂಕಿಯೇ ಇಂದಿಗೂ ಅಂತಿಮ ತೀರ್ಪು.

ಇನ್ನೊಂದು ಜಾಣತನ 'ವರೆಗೆ' ಎಂಬ ಪದದಲ್ಲಿ ಅಡಗಿದೆ. ಜಾಹೀರಾತಿನಲ್ಲಿ '100 ಎಂಬಿಪಿಎಸ್ ವರೆಗೆ' ಎಂದಿರುತ್ತದೆ. ಓದುವವನ ಕಣ್ಣು 100ರಲ್ಲಿ ನಿಲ್ಲುತ್ತದೆ, ಬರೆದವನ ಮನಸ್ಸು 'ವರೆಗೆ'ಯಲ್ಲಿ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗ 2004ರ ನೀತಿಯಲ್ಲಿ 256 ಕೆಬಿಪಿಎಸ್ ಇತ್ತು. ಬಳಿಕ 512ಕ್ಕೆ ಏರಿ, 2023ರ ಜನವರಿಯಲ್ಲಿ 2 ಎಂಬಿಪಿಎಸ್ ಆಯಿತು. ಎರಡಕ್ಕೂ ನೂರಕ್ಕೂ ನಡುವಣ ವಿಶಾಲ ಬಯಲಿನಲ್ಲಿ 'ವರೆಗೆ' ತನಗೆ ಬೇಕಾದಲ್ಲಿ ಮೇಯಬಹುದು. ಬ್ರಿಟನ್ನಿನ ಜಾಹೀರಾತು ನಿಯಂತ್ರಕರು 2018ರ ಮೇ ತಿಂಗಳಿನಿಂದ ಈ ಬಯಲಿಗೆ ಬೇಲಿ ಹಾಕಿದರು: ರಾತ್ರಿ 8ರಿಂದ 10ರವರೆಗಿನ ದಟ್ಟಣೆಯ ವೇಳೆಯಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವನ್ನಷ್ಟೇ ಜಾಹೀರಾತಿನಲ್ಲಿ ಸಾರಬಹುದು. ಅದಕ್ಕೆ ಮೊದಲು ಹತ್ತರಲ್ಲೊಬ್ಬನಿಗೆ ಸಿಕ್ಕರೂ ಸಾಕಾಗಿತ್ತು.

ವಕೀಲನ ಕಣ್ಣಿಗೆ ಇನ್ನೂ ಹಿಡಿಸುವುದು ಐರೋಪ್ಯ ಒಕ್ಕೂಟದ 2015ರ ನಿಯಮ. ಮನೆಯ ಸ್ಥಿರ ಸಂಪರ್ಕದ ಕರಾರಿನಲ್ಲಿ ಕನಿಷ್ಠ ವೇಗ, ಸಾಮಾನ್ಯವಾಗಿ ಸಿಗುವ ವೇಗ, ಗರಿಷ್ಠ ವೇಗ ಇವನ್ನು ಬೇರೆಬೇರೆಯಾಗಿ ಬರೆಯಲೇಬೇಕು. ಜರ್ಮನಿಯು 2021ರ ಡಿಸೆಂಬರಿನಿಂದ ಒಂದು ಹೆಜ್ಜೆ ಮುಂದೆ ಹೋಗಿ, ಬರೆದ ವೇಗ ಬಾರದಿದ್ದರೆ ಗ್ರಾಹಕನು ಶುಲ್ಕವನ್ನು ತಗ್ಗಿಸಿ ಕೊಡಬಹುದು, ಇಲ್ಲವೇ ಕರಾರನ್ನು ಮುರಿಯಬಹುದು ಎಂದು ಕಾನೂನು ಮಾಡಿತು. ಅದಕ್ಕೆ ಸಾಕ್ಷ್ಯವೇನು? ಅಲ್ಲಿನ ನಿಯಂತ್ರಣ ಸಂಸ್ಥೆಯೇ ಒದಗಿಸುವ ತಂತ್ರಾಂಶದಿಂದ, ವೈಫೈ ಬಿಟ್ಟು ತಂತಿಯಲ್ಲಿ, ಮೂರು ಬೇರೆಬೇರೆ ದಿನಗಳಲ್ಲಿ ಮಾಡಿದ 30 ಅಳತೆಗಳು. ಒಂದು ಗುಂಡಿ, ಒಂದು ಅಂಕಿ ಎಂಬುದು ಅಲ್ಲಿ ಕಂಪನಿಯ ಪರವಾಗಿಯೂ ಸಾಕ್ಷ್ಯವಲ್ಲ, ಗ್ರಾಹಕನ ಪರವಾಗಿಯೂ ಅಲ್ಲ. ಅಮೆರಿಕದ ಸಂವಹನ ಆಯೋಗ 2011ರಲ್ಲಿ ಮೊದಲ ವರದಿ ಹೊರತಂದ ದೇಶವ್ಯಾಪಿ ಅಳತೆಯಲ್ಲಿ ಸ್ವಯಂಸೇವಕರ ಮನೆಗಳಲ್ಲಿ ಪುಟ್ಟ ಪೆಟ್ಟಿಗೆಗಳನ್ನಿಟ್ಟು, ಮನೆಯವರು ಸಂಪರ್ಕವನ್ನು ಬಳಸದ ಗಳಿಗೆ ನೋಡಿ ಅಳೆಯುವ ಏರ್ಪಾಡು ಮಾಡಿತ್ತು. ನಮ್ಮ ಟ್ರಾಯ್ 2016ರಲ್ಲಿ ಮೈಸ್ಪೀಡ್ ಎಂಬ ಆ್ಯಪ್ ತಂದಿತು. ಅದರ ಗಮನ ಮುಖ್ಯವಾಗಿ ಮೊಬೈಲ್ ದತ್ತಾಂಶದ ಮೇಲೆ. ಮನೆಯ ತಂತಿಗೆ ಜರ್ಮನಿಯಂಥ ಸರ್ಕಾರಿ ಅಳತೆಗೋಲು ನಮಗೂ ಬೇಕು. ಅದು ದೊಡ್ಡ ವೆಚ್ಚದ ಕೆಲಸವೇನೂ ಅಲ್ಲ.

ಅರವಂಕಾಡಿನವರಿಗೆ ಇಂಥ ಶಿಸ್ತು ಅಪರಿಚಿತವಾಗಿರಬೇಕಾಗಿಯೂ ಇಲ್ಲ. 1903ರಲ್ಲಿ ಸ್ಥಾಪನೆಯಾದ ಕಾರ್ಡೈಟ್ ಕಾರ್ಖಾನೆಯ ಸುತ್ತ ಬೆಳೆದ ಊರು ನಮ್ಮದು. ಗುಂಡನ್ನು ಮುಂದೂಡುವ ಮದ್ದಿನ ಗುಣವನ್ನು ಎಲ್ಲಿಯೇ ಪರೀಕ್ಷಿಸಲಿ, ಅದು ಕೊಡುವ ವೇಗವನ್ನು ಅಳೆಯುವಾಗ ಮದ್ದಿನ ಉಷ್ಣಾಂಶವೇನು, ಬಳಸಿದ ಕೊಳವೆ ಯಾವುದು, ಎಷ್ಟು ಸುತ್ತು ಹಾರಿಸಲಾಯಿತು ಎಂಬುದನ್ನು ಬರೆದಿಡುತ್ತಾರೆ. ಒಂದೇ ಸುತ್ತು ಹಾರಿಸಿ ತಂಡವನ್ನು ಒಪ್ಪಿಕೊಳ್ಳುವ ಪರೀಕ್ಷಕನನ್ನು ಯಾರೂ ನಂಬುವುದಿಲ್ಲ.

ಹಾಗಾದರೆ ಇಲ್ಲಿ, ಈಗಿರುವ ಕಾನೂನಿನೊಳಗೆ, ಗ್ರಾಹಕನ ದಾರಿ ಯಾವುದು? ಮೊದಲು ಕಂಪನಿಯ ದೂರು ಕೇಂದ್ರ; ದೂರಿಗೆ ಅವರು ಕೊಡುವ ಡಾಕೆಟ್ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಬೇಕು, ಅದಿಲ್ಲದೆ ಮುಂದಿನ ಮೆಟ್ಟಿಲಿಲ್ಲ. ತೃಪ್ತಿಯಾಗದಿದ್ದರೆ 30 ದಿನಗಳೊಳಗೆ ಕಂಪನಿಯಲ್ಲೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ. ಅದು 39 ದಿನಗಳಲ್ಲಿ ತೀರ್ಮಾನಿಸಬೇಕು. ಟ್ರಾಯ್ ಬಿಡಿ ದೂರುಗಳನ್ನು ವಿಚಾರಿಸುವುದಿಲ್ಲ. ಅಲ್ಲಿಗೆ ಪತ್ರ ಬರೆದು ವರ್ಷಗಟ್ಟಲೆ ಕಾಯುವವರನ್ನು ನಾನು ಬಲ್ಲೆ.

ಗ್ರಾಹಕ ಆಯೋಗದ ಬಾಗಿಲು ಕೆಲವು ಕಾಲ ಮುಚ್ಚಿತ್ತು. 1885ರ ಟೆಲಿಗ್ರಾಫ್ ಅಧಿನಿಯಮದ 7ಬಿ ಕಲಮಿನ ಪ್ರಕಾರ ಇಂಥ ವಿವಾದಗಳು ಪಂಚಾಯ್ತಿಗೆ ಹೋಗಬೇಕೇ ಹೊರತು ಗ್ರಾಹಕ ವೇದಿಕೆಗೆ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಎಂ. ಕೃಷ್ಣನ್ ಪ್ರಕರಣದಲ್ಲಿ ಹೇಳಿತ್ತು. 2022ರ ಫೆಬ್ರವರಿ 16ರಂದು, ವೊಡಾಫೋನ್ ಐಡಿಯಾ ಮತ್ತು ಅಜಯ್ ಕುಮಾರ್ ಅಗರ್‌ವಾಲ್ ನಡುವಣ ಪ್ರಕರಣದಲ್ಲಿ, ಮೂವರು ನ್ಯಾಯಮೂರ್ತಿಗಳ ಪೀಠ ಆ ಬಾಗಿಲನ್ನು ಮತ್ತೆ ತೆರೆಯಿತು. ಗ್ರಾಹಕ ಕಾನೂನಿನ ಪರಿಹಾರವು ಟೆಲಿಗ್ರಾಫ್ ಕಾನೂನಿನ ಪರಿಹಾರದ ಜೊತೆಗೇ ಇರುತ್ತದೆ, ಅದರಿಂದ ಅಳಿಸಿಹೋಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವಂತೂ 'ಸೇವೆ'ಯ ವ್ಯಾಖ್ಯೆಯಲ್ಲಿಯೇ ದೂರಸಂಪರ್ಕವನ್ನು ಹೆಸರಿಸಿದೆ. ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸುವ ಹಕ್ಕನ್ನೂ ಕೊಟ್ಟಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗಡುವು ಎರಡು ವರ್ಷ. ನೀಲಗಿರಿಯವರು ಇದಕ್ಕಾಗಿ ಘಾಟಿ ಇಳಿಯಬೇಕಾಗಿಲ್ಲ.

ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಕೈಯಲ್ಲೊಂದು ಸ್ಕ್ರೀನ್‌ಶಾಟ್ ಹಿಡಿದು ಒಳಹೊಕ್ಕರೆ ಆಗದು. ಮೊಬೈಲಿನ ಚಿತ್ರವು ವಿದ್ಯುನ್ಮಾನ ದಾಖಲೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು, ಅಂಥ ದಾಖಲೆಯ ಜೊತೆ ನಿಗದಿತ ನಮೂನೆಯ ಪ್ರಮಾಣಪತ್ರವನ್ನು ಕೇಳುತ್ತದೆ. ಗ್ರಾಹಕ ಆಯೋಗಗಳು ಸಂಕ್ಷಿಪ್ತ ವಿಚಾರಣೆ ನಡೆಸುವುದರಿಂದ ಇದರಲ್ಲಿ ಅಷ್ಟು ಬಿಗಿಯಾಗಿರದೆ ಪ್ರಮಾಣಿತ ಹೇಳಿಕೆಗಳ ಮೇಲೆ ನಡೆಯುವುದುಂಟು; ಆದರೂ ಎದುರು ವಕೀಲ ಕೇಳುವ ಪ್ರಶ್ನೆಗಳನ್ನು ನಾನು ಈಗಲೇ ಹೇಳಬಲ್ಲೆ. ವೈಫೈಯೋ ತಂತಿಯೋ? ಆಗ ಮನೆಯಲ್ಲಿ ಬೇರೆ ಯಾವ ಯಂತ್ರ ನಡೆಯುತ್ತಿತ್ತು? ಸರ್ವರ್ ಯಾವುದು, ಯಾರದು? ತಿಂಗಳ ದತ್ತಾಂಶದ ಮಿತಿ ಮುಗಿದಿತ್ತೇ? ಕೊನೆಯ ಪ್ರಶ್ನೆ ಚಿಕ್ಕದಲ್ಲ. ಮಿತಿ ದಾಟಿದ ಮೇಲೆ ವೇಗವನ್ನು ತಗ್ಗಿಸುವ ಅಧಿಕಾರವನ್ನು ಬಹುತೇಕ ಕರಾರುಗಳು ಕಂಪನಿಗೆ ಕೊಡುತ್ತವೆ. ವೇಗಪರೀಕ್ಷೆಯೂ ಆ ಮಿತಿಯನ್ನೇ ತಿನ್ನುತ್ತದೆ: 100 ಎಂಬಿಪಿಎಸ್‌ನಲ್ಲಿ ಹತ್ತು ಸೆಕೆಂಡಿನ ಒಂದು ಎಳೆತಕ್ಕೆ 125 ಮೆಗಾಬೈಟ್.

ನಾನು ಜರ್ಮನರ ಕ್ರಮವನ್ನೇ ಅನುಸರಿಸಿದೆ. ಒಂದು ಹಳೆಯ ಡೈರಿಯಲ್ಲಿ ಮೂರು ದಿನಗಳ 30 ಅಳತೆಗಳನ್ನು ಬರೆದೆ. ಪ್ರತಿಯೊಂದರ ಎದುರು ಗಂಟೆ, ನಿಮಿಷ, ಸರ್ವರಿನ ಊರು ಮತ್ತು ಒಡೆಯ, ಒಂದೇ ಸಂಪರ್ಕವೋ ಹಲವೋ, ಇಳಿಕೆ, ಏರಿಕೆ, ಖಾಲಿಯಿದ್ದಾಗಿನ ವಿಳಂಬ, ಹೊರೆಯಿದ್ದಾಗಿನ ವಿಳಂಬ. ಪ್ರತಿ ಬಾರಿಯೂ ಹತ್ತಿರದ ಸರ್ವರ್ ಒಂದು, ದೂರದ್ದೊಂದು. ಹತ್ತಿರದ್ದು ಚೆನ್ನಾಗಿದ್ದು ದೂರದ್ದು ಕೆಟ್ಟಿದ್ದರೆ ದೋಷ ನನ್ನ ಮನೆಯಲ್ಲಿಲ್ಲ, ಮನೆಯ ಮುಂದಿನ ತಂತಿಯಲ್ಲೂ ಇಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ. ದೂರದ ಸರ್ವರ್‌ಗೇ ಬಿಡುವಿಲ್ಲದಿರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕಾಗಿ ಚೆನ್ನೈಯ ಇನ್ನೊಂದನ್ನೂ ಸೇರಿಸಿದೆ. ರಾತ್ರಿಯ ಇಳಿತ ಅಲ್ಲಿಯೂ ಕಂಡಿತು.

ನನ್ನ ತಪ್ಪನ್ನು ನಾನೇ ಸರಿಪಡಿಸಿಕೊಂಡೆ. ಕಂಪ್ಯೂಟರಿಗೆ ತಂತಿ ಬಂದಿದೆ. ವಿಡಿಯೊಗಳು ರಾತ್ರಿ ಎರಡು ಗಂಟೆಗೆ ಏರಲಿ ಎಂದು ಮೊಬೈಲಿಗೆ ಹೇಳಿಯಾಗಿದೆ. ವಿಚಾರಣೆಯ ದಿನ ಮನೆಯವರ ಮೊಬೈಲುಗಳು ವೈಫೈ ಬಿಟ್ಟು ಹೊರಗಿರಬೇಕೆಂಬ ನನ್ನ ಆಜ್ಞೆಗೆ ಮಗಳು ಮಾತ್ರ ಇನ್ನೂ ತಡೆಯಾಜ್ಞೆ ಕೋರುತ್ತಿದ್ದಾಳೆ. ಕಂಪನಿಯ ಪಾಲಿನ ತಪ್ಪಿಗೆ, ಆ ರಾತ್ರಿಗಳ ಅಂಕಿಗಳೊಂದಿಗೆ ಮೇಲ್ಮನವಿ ಸಲ್ಲಿಸಿದ್ದೇನೆ. ನನ್ನದೇ ಅಪ್‌ಲೋಡಿನ ಕಥೆಯನ್ನು ಅದರಲ್ಲಿ ಮುಚ್ಚಿಡಲಿಲ್ಲ. ಎದುರು ಪಕ್ಷ ಅದನ್ನು ಹೊರಗೆಳೆಯುವ ಮುನ್ನ ನಾವೇ ಹೇಳಿಬಿಡುವುದು ಲೇಸು. ಬೀದಿಯ ಇನ್ನೂ ನಾಲ್ಕು ಮನೆಯವರು ಇದೇ ಬಗೆಯ ಡೈರಿ ಬರೆಯತೊಡಗಿದ್ದಾರೆ. ಅವರಲ್ಲಿ ಇಬ್ಬರ ಸಂಪರ್ಕ ಬೇರೆ ಕಂಪನಿಯದು, ರಾತ್ರಿ ಎಂಟರ ಅಂಕಿ ಅವರದ್ದು ಹೇಗಿರುತ್ತದೆಂಬ ಕುತೂಹಲ ನನಗಿದೆ.

ಮೇಲ್ಮನವಿಯ 39ನೆಯ ದಿನ ಮುಂದಿನ ವಾರ ಬೀಳುತ್ತದೆ. ಆ ತಾಯಿಯ ಪ್ರಕರಣವೂ ಅದೇ ವಾರ, ಗುರುವಾರಕ್ಕೆ ಗೊತ್ತಾಗಿದೆ. ಮೊನ್ನೆ ಬಂದು ಕೇಳಿದರು: "ಈ ಸಲ ಕೇಳಿಸುತ್ತದೆಯೇ ತಮ್ಮಾ?" ತಂತಿ ತೋರಿಸಿದೆ, ಡೈರಿ ತೋರಿಸಿದೆ, ಬೆಳಗಿನ ಹನ್ನೊಂದು ಗಂಟೆಯ ಅಂಕಿಗಳನ್ನು ಓದಿ ಹೇಳಿದೆ. ಎಲ್ಲವನ್ನೂ ಸಮಾಧಾನದಿಂದ ಕೇಳಿ ಹೊರಟುಹೋದರು. ಅವರು ಹೋದ ಮೇಲೆ ಬುಧವಾರ ರಾತ್ರಿ ಮೆಟ್ಟುಪಾಳಯಂನಿಂದ ಹೊರಡುವ ನೀಲಗಿರಿ ಎಕ್ಸ್‌ಪ್ರೆಸ್ಸಿಗೆ ಒಂದು ಟಿಕೆಟನ್ನೂ ತೆಗೆದಿಟ್ಟೆ.